ರಟೂನ್: ಕಡಿದ ಬುಡದ ಎರಡನೆಯ ಬೆಳೆ

ಸಕ್ಕರೆ ಕಾರ್ಖಾನೆಗೆ ಕಬ್ಬು ನೋಂದಾಯಿಸುವಾಗ ರೈತನ ಹೆಸರು, ಸರ್ವೆ ನಂಬರು, ಕ್ಷೇತ್ರ, ತಳಿ, ನಾಟಿ ದಿನಾಂಕಗಳ ಜೊತೆಗೆ ಬೆಳೆಯ ವಿಧವನ್ನೂ ಕೇಳುತ್ತಾರೆ. ಅದಕ್ಕೆ ಇರುವುದು ಎರಡೇ ಉತ್ತರ: ಪ್ಲಾಂಟ್ ಇಲ್ಲವೆ ರಟೂನ್. ಇಲ್ಲಿ ಪ್ಲಾಂಟ್ ಎಂದರೆ ಗಿಡವಲ್ಲ. ಬೀಜ ಊರಿ ಹೊಸದಾಗಿ ಹಚ್ಚಿದ ಕಬ್ಬು, ಗಡಿಭಾಗದ ಮಾತಿನಲ್ಲಿ ಲಾವಣಿ. ರಟೂನ್ ಎಂದರೆ ಕಡಿದ ಬುಡದಿಂದ ಮತ್ತೆ ಚಿಗುರಿಸಿ ಬೆಳೆಸಿದ ಕುಳೆ ಕಬ್ಬು. ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕ, ಉಗಾರ ಖುರ್ದ, ಐನಾಪುರ, ಶಿರಗುಪ್ಪಿ ಕಡೆ ಇದಕ್ಕೆ ಕುಳೆ ಎಂತಲೂ ಅನ್ನುತ್ತಾರೆ, ಖೋಡವಾ ಎಂತಲೂ ಅನ್ನುತ್ತಾರೆ. ಎರಡನೆಯ ಸಲ ಬಿಟ್ಟ ಕುಳೆಗೆ ಮರಾಠಿಯಿಂದ ಬಂದ ನಿಡವಾ ಎಂಬ ಬೇರೆ ಹೆಸರೇ ಇದೆ. ಮಂಡ್ಯದ ಕಡೆ ಹೋದರೆ ಕೂಳೆ.

ಇಂಗ್ಲಿಷ್ ಮನೆಮಾತಿನವರಲ್ಲೂ ಬಹಳ ಜನಕ್ಕೆ ಗೊತ್ತಿಲ್ಲದ ಪದ ರಟೂನ್. ಕಬ್ಬು ಬೆಳೆಯದ ನಾಡಿನಲ್ಲಿ ಅದು ಕಿವಿಗೆ ಬೀಳುವುದೇ ಇಲ್ಲ. ಆದರೆ ಕೃಷ್ಣಾ ದಂಡೆಯಲ್ಲಿ, ಶಾಲೆಯಲ್ಲಿ ಇಂಗ್ಲಿಷ್ ಕಲಿಯದ ಹಿರಿಯರೂ ಅದನ್ನು ಸಲೀಸಾಗಿ ಆಡುತ್ತಾರೆ. ದಿ ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾಯಿತು. ಅದರ ಕಾರ್ಖಾನೆ ಉಗಾರ ಖುರ್ದದಲ್ಲಿದೆ. ಅಷ್ಟು ವರ್ಷಗಳ ಒಡನಾಟದಲ್ಲಿ ಬ್ರಿಕ್ಸ್, ರಿಕವರಿ, ಬಗಾಸ್, ಮೊಲಾಸಿಸ್ ಎಂಬ ಕಾರ್ಖಾನೆಯ ಪದಗಳೆಲ್ಲ ಹೊಲಕ್ಕೆ ಇಳಿದು ಬಂದಿವೆ. ಅವುಗಳಲ್ಲಿ ರೈತನ ಲಾಭ ನಷ್ಟಕ್ಕೆ ನೇರವಾಗಿ ಅಂಟಿಕೊಂಡ ಪದ ರಟೂನ್. ಅದರ ಅರ್ಥ ಪೂರ್ತಿ ತಿಳಿದುಕೊಂಡರೆ ಕುಳೆಯನ್ನು ನೋಡುವ ರೀತಿಯೂ ಬದಲಾಗಬೇಕು ಎಂಬುದು ನನ್ನ ನಂಬಿಕೆ. ಅದು ಲಾವಣಿಯ ಬಾಲವಲ್ಲ, ತನ್ನದೇ ಲೆಕ್ಕ ಇರುವ ಇನ್ನೊಂದು ಬೆಳೆ.

ಪದದ ಮೂಲ ಸ್ಪ್ಯಾನಿಷ್. ಆ ಭಾಷೆಯಲ್ಲಿ ರೆತೋನ್ಯೊ ಎಂದರೆ ಚಿಗುರು, ಕಡಿದ ಮೇಲೆ ಮತ್ತೆ ಒಡೆದ ಕುಡಿ. ಅದರೊಳಗೆ ಶರತ್ಕಾಲ ಎಂಬ ಅರ್ಥದ ಪದವೂ ಅಡಗಿದೆ. ಕೆರಿಬಿಯನ್ ದ್ವೀಪಗಳಲ್ಲಿ ಆಫ್ರಿಕಾದಿಂದ ಹೊತ್ತು ತಂದ ಗುಲಾಮರ ದುಡಿಮೆಯಿಂದ ಕಬ್ಬಿನ ತೋಟ ನಡೆಸುತ್ತಿದ್ದ ಇಂಗ್ಲಿಷರ ಬಾಯಿಗೆ ಈ ಪದ ಸಿಕ್ಕಿ ರಟೂನ್ ಆಯಿತು. ಅಲ್ಲಿಂದ ಕಬ್ಬು ಹೋದಲ್ಲೆಲ್ಲ ಹೋಯಿತು. ಆದರೆ ಎಲ್ಲ ಕಡೆಯೂ ನೆಲೆ ನಿಂತಿತೆಂದಲ್ಲ. ಅಮೆರಿಕದ ಲೂಸಿಯಾನಾದಲ್ಲಿ ಇಂಗ್ಲಿಷ್ ಮಾತಾಡುವ ರೈತರೇ ಇದನ್ನು ಸ್ಟಬಲ್ ಕೇನ್ ಎನ್ನುತ್ತಾರೆ. ಬ್ರೆಜಿಲ್‌ನಲ್ಲಿ ಪೋರ್ಚುಗೀಸ್ ಮಾತಿನ ಸೋಕಾ.

ಬಳಕೆಯ ವಿಷಯದಲ್ಲಿ ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. ಇಂಗ್ಲಿಷಿನಲ್ಲಿ ರಟೂನ್ ನಾಮಪದವೂ ಹೌದು, ಕ್ರಿಯಾಪದವೂ ಹೌದು. ತಳಿಯ ಕರಪತ್ರದಲ್ಲಿ 'ಗುಡ್ ರಟೂನರ್' ಎಂದು ಬರೆದಿದ್ದರೆ ಆ ತಳಿ ಕಡಿದ ಮೇಲೆ ಚೆನ್ನಾಗಿ ಚಿಗುರುತ್ತದೆ ಎಂದು ಅರ್ಥ. 'ಮಲ್ಟಿ ರಟೂನಿಂಗ್' ಎಂದರೆ ಒಂದೇ ನಾಟಿಯಿಂದ ಹಲವು ಕುಳೆ ತೆಗೆಯುವುದು. ಸಂಶೋಧನೆಯ ವರದಿಗಳಲ್ಲಿ ಆರ್1, ಆರ್2 ಎಂದು ಕಂಡರೆ ಮೊದಲನೆಯ ಕುಳೆ, ಎರಡನೆಯ ಕುಳೆ; ನಮ್ಮ ಖೋಡವಾ, ನಿಡವಾ ಅವೇ. ಲಾವಣಿ ಕಬ್ಬಿನ ಕಟಾವು ಇದರಲ್ಲಿ ಲೆಕ್ಕಕ್ಕಿಲ್ಲ. 'ಸೆಕೆಂಡ್ ರಟೂನ್' ಎಂದರೆ ಅದು ಆ ಬುಡದ ಮೂರನೆಯ ಕಬ್ಬು. ಹೊಲ ಗೇಣಿಗೆ ಕೊಡುವಾಗ ಅಥವಾ ಬೆಳೆಯ ಅಂದಾಜು ಮಾಡುವಾಗ ಈ ಎಣಿಕೆ ತಪ್ಪಿದರೆ ಟನ್‌ಗಳಲ್ಲಿ ವ್ಯತ್ಯಾಸ ಬರುತ್ತದೆ.

ರಟೂನ್ ಕಬ್ಬಿನ ಆಸ್ತಿಯಷ್ಟೇ ಅಲ್ಲ. ಬಾಳೆ, ಅನಾನಸ್, ಭತ್ತ, ಜೋಳ, ಹತ್ತಿ ಇವಕ್ಕೂ ಅದೇ ಪದ ಬಳಸುತ್ತಾರೆ. ಹತ್ತಿಯಲ್ಲಿ ರಟೂನ್ ಬಿಡಬೇಡಿ ಎಂದು ಕೃಷಿ ಇಲಾಖೆ ಹೇಳುವುದು ಗುಲಾಬಿ ಕಾಯಿಕೊರಕ ಮುಂದಿನ ಹಂಗಾಮಿಗೆ ದಾಟಿಕೊಳ್ಳುತ್ತದೆ ಎಂಬ ಕಾರಣಕ್ಕೆ. ಜೋಳದ ಕುಳೆಯ ಬಗ್ಗೆ ದನ ಕಟ್ಟಿದವರು ಎಚ್ಚರದಿಂದಿರಬೇಕು. ಎಳೆಯ ಜೋಳದ ಚಿಗುರಿನಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ ಕುಳೆಯಲ್ಲಿ, ಸಯನೈಡ್ ಬಿಡುಗಡೆ ಮಾಡುವ ಅಂಶ ಹೆಚ್ಚಿರುತ್ತದೆ. ಹಸಿದ ಎತ್ತು, ಎಮ್ಮೆ ಅದನ್ನು ಮೇದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಕಬ್ಬಿನ ಕುಳೆಗೆ ಈ ಭಯವಿಲ್ಲ.

ಇನ್ನು ಕಬ್ಬಿನ ಬುಡ ಮತ್ತೆ ಚಿಗುರುವುದು ಹೇಗೆ? ಮಣ್ಣಿನೊಳಗೆ ಉಳಿದ ಮೋಟಿನಲ್ಲಿ ಒತ್ತೊತ್ತಾಗಿ ಗಿಣ್ಣುಗಳಿವೆ. ಪ್ರತಿ ಗಿಣ್ಣಿಗೂ ಒಂದು ಕಣ್ಣು. ಮೇಲಿನ ಗಣಿಕೆ ಇರುವವರೆಗೆ ಆ ಕಣ್ಣುಗಳು ಮಲಗಿರುತ್ತವೆ, ಗಣಿಕೆ ಹೋದೊಡನೆ ಏಳುತ್ತವೆ. ಮೊದಲ ಕೆಲವು ವಾರ ಹಳೆಯ ಬೇರೇ ಚಿಗುರಿಗೆ ನೀರು, ಅನ್ನ ಕೊಡುತ್ತದೆ. ಆಮೇಲೆ ಪ್ರತಿ ಮರಿಯೂ ತನ್ನ ಬೇರು ಬಿಡುತ್ತದೆ, ಹಳೆಯದು ಕೊಳೆಯುತ್ತದೆ. ಈ ಗುಣದ ಬಹುಪಾಲು ಬಂದದ್ದು ಹೊಳೆದಂಡೆಯಲ್ಲಿ ಬಿಳಿ ತೆನೆ ಬಿಡುವ ಕಾಡು ಕಬ್ಬಿನ ಹುಲ್ಲಿನಿಂದ. ಕೊಯಮತ್ತೂರಿನಲ್ಲಿ 1912ರಲ್ಲಿ ಆರಂಭವಾದ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ರಸದ ಕಬ್ಬಿಗೆ ಈ ಕಾಡು ಹುಲ್ಲನ್ನು ಕೂಡಿಸಿ ಹೊಸ ಸಂಕರ ತಳಿಗಳನ್ನು ತೆಗೆದರು. 1918ರಲ್ಲಿ ರೈತರಿಗೆ ಸಿಕ್ಕ ಕೋ 205 ಅವುಗಳಲ್ಲಿ ಮೊದಲನೆಯದು. ಕೋ ಎಂದರೆ ಕೊಯಮತ್ತೂರು. ನಮ್ಮ ಹೊಲಗಳಲ್ಲಿ ದಶಕಗಳಿಂದ ನಿಂತಿರುವ ಕೋ 86032 ಸಹ ಅದೇ ವಂಶದ್ದು; ಹೆಸರಿನ 86 ಎಂಬುದು 1986ನೆಯ ವರ್ಷ. ಅದು ಇಷ್ಟು ಕಾಲ ಉಳಿದುಕೊಂಡದ್ದಕ್ಕೆ ಸಕ್ಕರೆಯ ಅಂಶದಷ್ಟೇ ಕುಳೆ ಕೊಡುವ ಶಕ್ತಿಯೂ ಕಾರಣ.

ಇಷ್ಟು ಶಕ್ತಿ ಬುಡದಲ್ಲಿದ್ದರೂ ಕುಳೆಯ ಇಳುವರಿ ಲಾವಣಿಗಿಂತ ಸಾಕಷ್ಟು ಕಡಿಮೆ ಬರುತ್ತದೆ, ಅದು ಹಾಗೆಯೇ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಕುಳೆಗೆ ಉಳುಮೆ ಇಲ್ಲ, ಸಾಲು ಬಿಡುವ ಖರ್ಚಿಲ್ಲ, ಮೂರು ಕಣ್ಣಿನ ತುಂಡು ಹಚ್ಚುವವರಿಗೆ ಎಕರೆಗೆ ಬೇಕಾಗುವ ಸುಮಾರು 3 ಟನ್ ಬೀಜದ ಕಬ್ಬು ಪೂರ್ತಿ ಉಳಿಯುತ್ತದೆ. ಈ ಉಳಿತಾಯದ ಸ್ವಲ್ಪ ಭಾಗವನ್ನಾದರೂ ಕುಳೆಯ ಮೇಲೆ ಹಾಕಬೇಕಲ್ಲ? ಹೆಚ್ಚಿನವರು ರವದಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಕೊಟ್ಟು, ನೀರು ಬಿಟ್ಟು, ತಿಂಗಳಾದ ಮೇಲೆ ಒಂದಿಷ್ಟು ಯೂರಿಯಾ ಚೆಲ್ಲಿ ಸುಮ್ಮನಾಗುತ್ತಾರೆ. ಕುಳೆಯ ಹಣೆಬರಹ ನಿರ್ಧಾರವಾಗುವುದು ಕಟಾವಿನ ದಿನ ಮತ್ತು ಅದರ ನಂತರದ ಹದಿನೈದು ದಿನಗಳಲ್ಲಿ. ಆ ದಿನಗಳು ಹೋದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಸತ್ತ ಬುಡ ಏಳುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಕಡಿತದ್ದು. ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು. ಮೋಟು ಎತ್ತರ ಉಳಿದರೆ ನೆಲದ ಮೇಲಿನ ಕಣ್ಣುಗಳೇ ಮೊದಲು ಒಡೆಯುತ್ತವೆ. ಆ ಮರಿಗಳ ಬೇರು ಮಣ್ಣು ಮುಟ್ಟುವುದಿಲ್ಲ, ಗಾಳಿಗೆ ಮುರಿಯುತ್ತವೆ, ಒಣಗುತ್ತವೆ. ಸಕ್ಕರೆ ಹೆಚ್ಚು ತುಂಬಿರುವುದೂ ಗಣಿಕೆಯ ಬುಡದಲ್ಲೇ, ಹೀಗಾಗಿ ಎತ್ತರ ಕಡಿದರೆ ತೂಕವೂ ಹೋಯಿತು, ರಿಕವರಿಯೂ ಹೋಯಿತು. ಕಟಾವಿನ ಗ್ಯಾಂಗಿನವರು ಬಗ್ಗಿ ನೆಲಮಟ್ಟ ಕಡಿಯುವುದು ದಿನವಿಡೀ ಬೆನ್ನು ಮುರಿಯುವ ದುಡಿಮೆ, ಅವರಿಗೆ ಸಿಗುವುದು ಟನ್ನಿನ ಲೆಕ್ಕದ ಕೂಲಿ. ಅವರನ್ನು ಬೈದು ಪ್ರಯೋಜನವಿಲ್ಲ. ಕೊಯ್ಲು ಆರಂಭವಾಗುವ ಮೊದಲೇ ಗ್ಯಾಂಗಿನ ಮುಖಂಡನಾದ ಮುಕಾದಮನ ಜೊತೆ ಮಾತಾಡಿಕೊಳ್ಳಿ, ಮೊದಲ ದಿನ ಹೊಲದಲ್ಲೇ ಇರಿ, ನೆಲಮಟ್ಟದ ಕಡಿತಕ್ಕೆ ನಾಲ್ಕು ಕಾಸು ಹೆಚ್ಚು ಕೊಡಿ. ಅದು ಎರಡೂ ಕಡೆಗೆ ನ್ಯಾಯ. ಯಂತ್ರದಿಂದ ಕಟಾವು ಮಾಡಿಸುವವರು ಸಾಲಿನ ಅಂತರವನ್ನು ನಾಟಿಯ ದಿನವೇ ಯೋಚಿಸಬೇಕು. ನಾಲ್ಕೂವರೆ, ಐದು ಅಡಿ ಅಂತರ ಇಲ್ಲದಿದ್ದರೆ ಯಂತ್ರದ ಗಾಲಿ ಮೋಟಿನ ಮೇಲೆಯೇ ಹಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ.

ಗ್ಯಾಂಗ್ ಎಷ್ಟೇ ಚೆನ್ನಾಗಿ ಕಡಿದರೂ ಅಲ್ಲಲ್ಲಿ ಮೋಟು ಉಳಿದಿರುತ್ತದೆ. ಒಂದು ವಾರದೊಳಗೆ ಹರಿತವಾದ ಕೊಡಲಿ, ಕುಡಗೋಲು ಅಥವಾ ಟ್ರ್ಯಾಕ್ಟರಿಗೆ ಕಟ್ಟುವ ಯಂತ್ರದಿಂದ ಅದನ್ನು ನೆಲಮಟ್ಟಕ್ಕೆ, ಸಾಧ್ಯವಿದ್ದರೆ ತುಸು ಕೆಳಗೆ, ಸವರಬೇಕು. ಮಣ್ಣೊಳಗಿನ ಗಟ್ಟಿ ಕಣ್ಣುಗಳು ಒಟ್ಟಿಗೆ ಒಡೆದು ಎಲ್ಲ ಮರಿಯೂ ಒಂದೇ ವಯಸ್ಸಿನದಾಗುತ್ತದೆ. ಸವರಿದ ಗಾಯದ ಮೇಲೆ ಕಾರ್ಬೆಂಡಾಜಿಮ್ ದ್ರಾವಣ ಲೀಟರಿಗೆ 1 ಗ್ರಾಂ ಪ್ರಮಾಣದಲ್ಲಿ ಸಿಂಪಡಿಸಿದರೆ ಕೊಳೆರೋಗ ಒಳಗೆ ಇಳಿಯುವುದಿಲ್ಲ. ಮೋಟಿನ ಮೇಲೆ ರವದಿ ಮುಚ್ಚಿದ್ದರೆ ಸರಿಸಿ ಬಿಸಿಲು ತಾಗಿಸಿ, ಚಿಗುರಿಗೆ ಬೆಳಕು ಬೇಕು.

ಸರಿಸಿದ ರವದಿಯನ್ನು ಏನು ಮಾಡಬೇಕು? ಸುಡಬಾರದು. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎಕರೆ ಕಬ್ಬಿನಿಂದ 3ರಿಂದ 4 ಟನ್ ಒಣ ರವದಿ ಸಿಗುತ್ತದೆ. ಬೆಂಕಿಯಲ್ಲಿ ಅದರ ಸಾರಜನಕ, ಗಂಧಕ ಹೊಗೆಯಾಗುತ್ತವೆ, ಮೇಲ್ಮಣ್ಣಿನ ಜೀವಿಗಳು ಸಾಯುತ್ತವೆ, ಮೇಲಿನ ಕಣ್ಣುಗಳು ಬೇಯುತ್ತವೆ. ಸುಡುವವರ ಕಾರಣಗಳು ನನಗೆ ಗೊತ್ತಿವೆ: ನೀರು ಹಾಯುವುದಿಲ್ಲ, ಇಲಿ ಸೇರುತ್ತದೆ, ಗೊಬ್ಬರ ಹಾಕಲು ಆಗುವುದಿಲ್ಲ. ನೀರಿನ ತೊಂದರೆಗೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ರವದಿ ಹಾಕಿ, ಖಾಲಿ ಸಾಲಿನಲ್ಲಿ ನೀರು ಹಾಯಿಸುವ ದಾರಿ ಇದೆ. ಹನಿ ನೀರಾವರಿ ಇದ್ದವರಿಗೆ ಆ ಚಿಂತೆಯೂ ಇಲ್ಲ. ರವದಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಇನ್ನೂ ಸುಲಭ. ಮಹಾರಾಷ್ಟ್ರದ ಪಾಡೇಗಾವ ಕಬ್ಬು ಸಂಶೋಧನಾ ಕೇಂದ್ರದ ಶಿಫಾರಸಿನಂತೆ ರವದಿಯ ಮೇಲೆ ಹೆಕ್ಟೇರಿಗೆ 80 ಕಿಲೋ ಯೂರಿಯಾ, 100 ಕಿಲೋ ಸೂಪರ್ ಫಾಸ್ಫೇಟ್, 10 ಕಿಲೋ ಕೊಳೆಸುವ ಜೀವಾಣು ಹಾಕಬೇಕು. ಎಕರೆಗಾದರೆ 32, 40, 4 ಕಿಲೋ. ಯೂರಿಯಾ ಬೇಕಾಗುವುದು ಬೆಳೆಗಲ್ಲ, ರವದಿ ತಿನ್ನುವ ಸೂಕ್ಷ್ಮಾಣುಗಳಿಗೆ. ಅವಕ್ಕೆ ಕೊಡದಿದ್ದರೆ ಅವು ಕಬ್ಬಿನ ಪಾಲಿನ ಸಾರಜನಕವನ್ನೇ ಕಸಿಯುತ್ತವೆ. ಕೆಲವೇ ತಿಂಗಳಲ್ಲಿ ರವದಿ ಕರಗುತ್ತದೆ, ಅಷ್ಟರವರೆಗೆ ಕಸ ಏಳುವುದಿಲ್ಲ, ಏಪ್ರಿಲ್, ಮೇ ಬಿಸಿಲಲ್ಲೂ ಬುಡದ ತೇವ ಆರುವುದಿಲ್ಲ. ಹಿಪ್ಪರಗಿ ಬ್ಯಾರೇಜಿನ ಮೇಲ್ಗಡೆ ಕೃಷ್ಣೆ ಬತ್ತಿದ ಬೇಸಿಗೆಗಳನ್ನು ಕಂಡವರಿಗೆ ಈ ಕೊನೆಯ ಮಾತಿನ ಬೆಲೆ ಗೊತ್ತು.

ಗೊಬ್ಬರದ ವಿಷಯದಲ್ಲಿ ಕುಳೆ ಲಾವಣಿಗಿಂತ ಹೆಚ್ಚು ಬೇಡುತ್ತದೆ, ಕಡಿಮೆಯಲ್ಲ. ಹಳೆಯ ಬೇರು ಕೊಳೆಯುವಾಗ ಸಾರಜನಕ ಸೂಕ್ಷ್ಮಾಣುಗಳ ಹೊಟ್ಟೆ ಸೇರುತ್ತದೆ, ಹೊಸ ಬೇರು ಇನ್ನೂ ಮೇಲುಮೇಲೆ ಇರುತ್ತದೆ. ಅದಕ್ಕೇ ಲಾವಣಿಗೆ ಕೊಟ್ಟದ್ದಕ್ಕಿಂತ ಶೇ 25ರಷ್ಟು ಹೆಚ್ಚು ಸಾರಜನಕ ಕೊಡಬೇಕೆಂಬುದು ಸಾಮಾನ್ಯ ಶಿಫಾರಸು. ರವದಿ ಹಾಸಿದ ಹೊಲದಲ್ಲಿ ಚೆಲ್ಲಿದ ಗೊಬ್ಬರ ಮಣ್ಣು ಮುಟ್ಟುವುದಿಲ್ಲ. ಅದಕ್ಕೆ ಪಾಡೇಗಾವದವರು ಹೇಳಿಕೊಟ್ಟ ಹಾರೆಯ ಪದ್ಧತಿ ಸರಿಯಾಗಿ ಹೊಂದುತ್ತದೆ. ಬುಡದಿಂದ ಅರ್ಧ ಗೇಣು ದೂರದಲ್ಲಿ ಹಾರೆಯಿಂದ 10ರಿಂದ 15 ಸೆಂಟಿಮೀಟರ್ ಆಳದ ತೂತು ಹಾಕಿ, ಅಡಿಗೊಂದರಂತೆ ಗೊಬ್ಬರ ತುಂಬಿ ಮುಚ್ಚುವುದು. ಅರ್ಧ ಪಾಲು ಕಟಾವಾಗಿ 15 ದಿನಗಳೊಳಗೆ ಒಂದು ಬದಿಗೆ, ಉಳಿದರ್ಧ ಸುಮಾರು 135 ದಿನಕ್ಕೆ ಇನ್ನೊಂದು ಬದಿಗೆ. ಕೂಲಿ ತುಸು ಹೆಚ್ಚಾದರೂ ಗೊಬ್ಬರ ಪೋಲಾಗುವುದಿಲ್ಲ. ರವದಿ ಹಾಸದೆ ಇದ್ದವರು ಬೋದಿನ ಎರಡೂ ಬದಿ ಎತ್ತಿನ ನೇಗಿಲಿನಿಂದ ಹಳೆ ಬೇರು ಹರಿದು, ಅಲ್ಲೇ ಗೊಬ್ಬರ ಕೊಟ್ಟು ಮಣ್ಣು ಮುಚ್ಚುವುದು ಹಳೆಯ ಕ್ರಮ, ಅದೂ ಒಳ್ಳೆಯದೇ.

ಕಪ್ಪು ಸುಣ್ಣದ ಮಣ್ಣಿನಲ್ಲಿ ಕುಳೆ ಚಿಗುರುವಾಗ ಎಲೆಗಳು ಹಳದಿಯಾಗಿ, ಕೆಲವು ಬೆಳ್ಳಗೇ ಆಗುವುದನ್ನು ಕಾಣುತ್ತೀರಿ. ನರ ಹಸಿರಿದ್ದು ನಡುವಿನ ಭಾಗ ಬಿಳಿಚಿದ್ದರೆ ಅದು ಕಬ್ಬಿಣದ ಕೊರತೆ. ಇದನ್ನು ಸಾರಜನಕದ ಕೊರತೆ ಎಂದುಕೊಂಡು ಯೂರಿಯಾ ಸುರಿದರೆ ಹಣ ಹೋಗುತ್ತದೆಯೇ ಹೊರತು ಹಸಿರು ಬರುವುದಿಲ್ಲ. ಫೆರಸ್ ಸಲ್ಫೇಟನ್ನು ಲೀಟರಿಗೆ 5 ಗ್ರಾಂ ಪ್ರಮಾಣದಲ್ಲಿ ಕರಗಿಸಿ, 15 ದಿನಕ್ಕೊಮ್ಮೆ ಎರಡು ಮೂರು ಸಲ ಎಲೆಗೆ ಸಿಂಪಡಿಸಬೇಕು.

ಎಡೆ ತುಂಬುವುದು ಎಲ್ಲರೂ ಮರೆಯುವ ಕೆಲಸ. ಇಳುವರಿ ಕಡಿಮೆಯಾಗುವುದಕ್ಕೆ ದೊಡ್ಡ ಕಾರಣ ಮರಿ ಸಣ್ಣದಾಗುವುದಲ್ಲ, ಬುಡಗಳೇ ಸತ್ತು ಸಾಲು ಖಾಲಿ ಬೀಳುವುದು. ಒಂದೂವರೆ, ಎರಡು ಅಡಿಗಿಂತ ಹೆಚ್ಚು ಖಾಲಿ ಇದ್ದಲ್ಲಿ ತಿಂಗಳೊಳಗೆ ಸಸಿ ಇಡಬೇಕು. ತುಂಡು ಊರಿದರೆ ಅದು ಮೊಳೆತು ಏಳುವಷ್ಟರಲ್ಲಿ ಪಕ್ಕದ ಕುಳೆ ನೆರಳು ಕವಿದಿರುತ್ತದೆ. ಟ್ರೇಯಲ್ಲಿ ಬೆಳೆಸಿದ ಒಂದು ತಿಂಗಳ ಸಸಿಯೇ ಆಗಬೇಕು, ಅದೂ ಅದೇ ತಳಿಯದು. ಹಾಗಾಗಿ ಕಡಿತಕ್ಕೆ ಒಂದು ತಿಂಗಳು ಮೊದಲೇ ಸಸಿ ಮಾಡಿಕೊಳ್ಳುವುದು ಅಥವಾ ನರ್ಸರಿಗೆ ಹೇಳಿಡುವುದು ಲೇಸು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಕೇಶ್ವರ ಸಂಶೋಧನಾ ಕೇಂದ್ರ ನಮಗೆ ದೂರವಲ್ಲ. ಎಸ್‌ಎನ್‌ಕೆ ಎಂದು ಆರಂಭವಾಗುವ ತಳಿಗಳು ಅಲ್ಲಿಯವು. ನಿಮ್ಮ ಮಣ್ಣಿಗೆ ಕುಳೆ ಚೆನ್ನಾಗಿ ಕೊಡುವ ತಳಿ ಯಾವುದೆಂದು ಕೇಳಲು ಅದೇ ಸರಿಯಾದ ಬಾಗಿಲು.

ಯಾವ ಕಬ್ಬನ್ನು ಕುಳೆಗೆ ಬಿಡಬೇಕು ಎಂಬ ಪ್ರಶ್ನೆ ಇದೆಲ್ಲಕ್ಕಿಂತ ಮೊದಲು ಬರಬೇಕಿತ್ತು. ಅಕ್ಟೋಬರ್ ನಡುವಿನಿಂದ ಫೆಬ್ರವರಿ ನಡುವಿನೊಳಗೆ ಕಟಾವಾದದ್ದನ್ನು ಬಿಡಿ. ಏಪ್ರಿಲ್ ಬಿಸಿಲಲ್ಲಿ ಕಡಿದ ಬುಡ ಸರಿಯಾಗಿ ಒಡೆಯುವುದಿಲ್ಲ, ಒಡೆದದ್ದನ್ನು ಸುಳಿಕೊರಕ ತಿನ್ನುತ್ತದೆ. ಕಾಡಿಗೆ ರೋಗ, ಹುಲ್ಲುಮರಿ ರೋಗ ಹೆಚ್ಚು ಕಂಡ ಹೊಲವನ್ನು ಕುಳೆಗೆ ಬಿಡಲೇಬಾರದು. ಅಲ್ಲೊಂದು ಇಲ್ಲೊಂದು ಬುಡಕ್ಕೆ ತಗುಲಿದ್ದರೆ ಬೇರು ಸಮೇತ ಕಿತ್ತು ಹೊರಗೆ ಹಾಕಬೇಕು. ರಟೂನ್ ಎಂಬ ಪದವನ್ನು ಹೆಸರಿನಲ್ಲೇ ಹೊತ್ತ ಒಂದು ಕಾಯಿಲೆಯೂ ಇದೆ: ರಟೂನ್ ಸ್ಟಂಟಿಂಗ್, ಅಂದರೆ ಕುಳೆ ಕುಂಠಿತ ರೋಗ. 1940ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮೊದಲು ಗುರುತಿಸಿದ ಈ ಬ್ಯಾಕ್ಟೀರಿಯಾ ರೋಗಕ್ಕೆ ಹೊರಗೆ ಕಾಣುವ ಗುರುತು ಇಲ್ಲವೆನ್ನುವಷ್ಟು ಕಡಿಮೆ. ಕಬ್ಬು ಗಿಡ್ಡಾಗುತ್ತದೆ, ತೆಳ್ಳಗಾಗುತ್ತದೆ, ರೈತ ಭೂಮಿ ಸೋತಿತು ಅಂದುಕೊಳ್ಳುತ್ತಾನೆ. ಅದು ಹರಡುವುದು ಕಡಿಯುವ ಕತ್ತಿಯಿಂದ, ರೋಗ ಹೊತ್ತ ಬೀಜದಿಂದ. ಬೀಜದ ಹೊಲಕ್ಕೆ ಇಳಿಯುವ ಕತ್ತಿಯನ್ನು ಸೋಂಕುನಿವಾರಕದಲ್ಲಿ ಅದ್ದುವುದು, ಬೀಜವನ್ನು 50 ಡಿಗ್ರಿ ಬಿಸಿನೀರಿನಲ್ಲಿ ಎರಡು ಗಂಟೆ ಇಡುವುದು ಇದಕ್ಕಿರುವ ದಾರಿ.

ಉಗಾರದಂಥ ಊರುಗಳಿಗೆ ಇನ್ನೊಂದು ಲೆಕ್ಕ ಸೇರಿಸಬೇಕು. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದಂಡೆಯ ಕಬ್ಬು ದಿನಗಟ್ಟಲೆ ಮುಳುಗಿತು. ಸುಳಿ ಮುಳುಗಿ ಕೊಳೆತ ಕಬ್ಬಿನ ಬೇರೂ ಉಸಿರುಗಟ್ಟಿ ಸತ್ತಿರುತ್ತದೆ. ಅದರ ಕುಳೆಯನ್ನು ನಂಬಿ ಒಂದು ವರ್ಷ ಕಳೆಯುವುದಕ್ಕಿಂತ ಹೊಸದಾಗಿ ಹಚ್ಚುವುದು ಕ್ಷೇಮ. ಸವಳು ಜವಳಾದ ಹೊಲಕ್ಕೂ ಇದೇ ಮಾತು: ಮೊದಲು ಬಸಿಗಾಲುವೆ, ಆಮೇಲೆ ಕುಳೆ.

ದರದ ವಿಷಯಕ್ಕೆ ಬಂದರೆ, ಕುಳೆಗೂ ಲಾವಣಿಗೂ ಸರಕಾರ ಬೇರೆ ಬೇರೆ ಬೆಲೆ ಕಟ್ಟಿಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ನಿಗದಿ ಮಾಡಿದ್ದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆ, ಶೇ 10.25 ರಿಕವರಿಗೆ ಟನ್ನಿಗೆ 3,550 ರೂಪಾಯಿ. ಅದಕ್ಕಿಂತ ಮೇಲಿನ ಪ್ರತಿ ಶೇ 0.1ಕ್ಕೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಸೇರಿಸಬೇಕೆಂದು ಅದರಲ್ಲಿತ್ತು. ರಿಕವರಿ ಎಣಿಸುವುದು ಇಡೀ ಕಾರ್ಖಾನೆಯದ್ದು, ಒಬ್ಬೊಬ್ಬ ರೈತನದ್ದಲ್ಲ. ಆದರೂ ಕುಳೆಗೆ ಇಲ್ಲಿ ಒಂದು ಅನುಕೂಲ ಇದೆ: ಅದು ಲಾವಣಿಗಿಂತ ಬೇಗ ಮಾಗುತ್ತದೆ. ಹಂಗಾಮು ಶುರುವಾಗುವ ಹೊತ್ತಿಗೆ ಸಕ್ಕರೆ ತುಂಬಿದ ಕಬ್ಬು ಬೇಕಾದ ಕಾರ್ಖಾನೆಗೆ ಅದು ಮೊದಲು ಹೋಗಬೇಕಾದ ಬೆಳೆ. ಆದ್ದರಿಂದ ನೋಂದಣಿಯಲ್ಲಿ ರಟೂನ್ ಎಂದು ಸರಿಯಾಗಿ ಬರೆಸಿ, ನಾಟಿ ದಿನಾಂಕದ ಜಾಗದಲ್ಲಿ ಹಿಂದಿನ ಕಟಾವಿನ ದಿನಾಂಕ ಹಾಕಿಸಿ. ತಪ್ಪಾಗಿ ಪ್ಲಾಂಟ್ ಎಂದು ಬಿದ್ದರೆ ನಿಮ್ಮ ಸರದಿ ಹಿಂದೆ ಹೋಗಿ, ಮಾಗಿದ ಕಬ್ಬು ಹೊಲದಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಕಾರ್ಖಾನೆಯ ಸ್ಲಿಪ್ ಬಾಯ್ ಬರೆದುಕೊಂಡು ಹೋದ ಮೇಲೆ ಸಂದೇಶದಲ್ಲೋ ಹಾಳೆಯಲ್ಲೋ ಬಂದ ವಿವರವನ್ನು ಒಮ್ಮೆ ಓದಿ ನೋಡುವುದು ರೈತನ ಕೆಲಸ. ಕಬ್ಬು ಕಳಿಸಿದ 14 ದಿನಗಳಲ್ಲಿ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದ ಮಾತು. ಅದು ಕುಳೆಗೂ ಅನ್ವಯ.

ಎಷ್ಟು ಕುಳೆ ತೆಗೆಯಬಹುದು? ಬ್ರೆಜಿಲ್‌ನಲ್ಲಿ ಒಂದು ನಾಟಿಯಿಂದ ನಾಲ್ಕೈದು ಕಟಾವು ಸಾಮಾನ್ಯ, ಮಾರಿಷಸ್‌ನಲ್ಲಿ ಅದಕ್ಕಿಂತಲೂ ಹೆಚ್ಚು. ಇಲ್ಲಿ ಹೆಚ್ಚಿನವರು ಒಂದಕ್ಕೆ, ಕೆಲವರು ಎರಡಕ್ಕೆ ನಿಲ್ಲಿಸುತ್ತಾರೆ. ಪ್ರತಿ ಕುಳೆಗೂ ಬುಡ ಮೇಲಕ್ಕೆ ಬರುತ್ತದೆ, ಗೊಣ್ಣೆ ಹುಳ ಮಣ್ಣಲ್ಲಿ ಬೀಡುಬಿಡುತ್ತದೆ. ಚಿಗುರಿದ ತಿಂಗಳಿಗೆ ಸಾಲುಸಾಲಾಗಿ ನಡೆದು ನೋಡಿ. ಮೂರರಲ್ಲೊಂದು ಪಾಲು ಬುಡ ಸತ್ತಿದ್ದರೆ ನಾನಾದರೆ ಕಿತ್ತು ಹಾಕುತ್ತೇನೆ. ಕಿತ್ತ ಹೊಲಕ್ಕೆ ಕೂಡಲೇ ಮತ್ತೆ ಕಬ್ಬು ಬೇಡ. ಮುಂಗಾರಿಗೆ ಸೋಯಾಬೀನ್ ಅಥವಾ ಶೇಂಗಾ ತೆಗೆಯಿರಿ, ಅದೂ ಆಗದಿದ್ದರೆ ಸೆಣಬು ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ, ಆಮೇಲೆ ಅಕ್ಟೋಬರಿನಲ್ಲಿ ಹೊಸ ಲಾವಣಿಗೆ ಸಾಲು ಬಿಡಿ.